ಭರತ ನಾಳೆ ಎಷ್ಟು ಹೊತ್ತಿಗೆ?

ಬಿ.ಎಡ್. ಪಾಠ ಯೋಜನೆಯ ಹಾಳೆಯಲ್ಲಿ ಐದು ಮನೆಗಳಿರುತ್ತವೆ: ತೊಡಗಿಸುವುದು, ಅನ್ವೇಷಿಸುವುದು, ವಿವರಿಸುವುದು, ವಿಸ್ತರಿಸುವುದು, ಮೌಲ್ಯಮಾಪನ. ಇಂಗ್ಲಿಷಿನಲ್ಲಿ ಐದೂ ಹೆಸರು ‘ಇ’ ಅಕ್ಷರದಿಂದ ಶುರುವಾಗುವುದರಿಂದ 5ಇ ಎಂದು ಕರೆಯುವ ಈ ಕ್ರಮದ ಮೊದಲ ಮನೆಯಲ್ಲಿ ಪ್ರಶಿಕ್ಷಣಾರ್ಥಿಗಳಾದ ನಾವು ಹೆಚ್ಚಿನವರು ಬರೆಯುವುದು ‘ವಿಡಿಯೊ ತೋರಿಸುವುದು’ ಎಂದೇ. ವಿಡಿಯೊ ಓಡುವಾಗ ತರಗತಿ ಸದ್ದಿಲ್ಲದೆ ಕೂತಿರುತ್ತದೆ, ವೀಕ್ಷಕರಾಗಿ ಹಿಂದೆ ಕೂತವರಿಗೆ ಪಾಠ ಚೆನ್ನಾಗಿ ನಡೆದಂತೆ ಕಾಣುತ್ತದೆ. ಆದರೆ ನಾಲ್ಕು ನಿಮಿಷದ ವಿಡಿಯೊ ಮುಗಿಯುವಾಗ ಪ್ರಶ್ನೆ, ಉತ್ತರ, ಕಾರಣ ಮೂರನ್ನೂ ಅದೇ ಹೇಳಿ ಮುಗಿಸಿರುತ್ತದೆ. ಅನ್ವೇಷಿಸುವ ಮನೆಗೆ ಬಂದಾಗ ಮಕ್ಕಳ ಪಾಲಿಗೆ ಹುಡುಕುವುದೇನೂ ಉಳಿದಿರುವುದಿಲ್ಲ. ಇಂಟರ್ನ್‌ಶಿಪ್ಪಿನ ಮೊದಲ ವಾರಗಳಲ್ಲಿ ನಾವು ಬರೆದ ಯೋಜನೆಗಳಲ್ಲಿ ತಿದ್ದಬೇಕಾಗಿದ್ದ ದೊಡ್ಡ ತಪ್ಪು ಇದು. ತಿದ್ದಿದ ಕ್ರಮ ಹೀಗೆ: ಮೊದಲು ಪ್ರಶ್ನೆ, ಆಮೇಲೆ ಪ್ರತಿಯೊಬ್ಬರ ಊಹೆ ಬರಹದಲ್ಲಿ, ಆಮೇಲೆ ಅಳತೆ. ಕೈಯಲ್ಲಿ ಆಗದ ಅಳತೆಗೆ ಮಾತ್ರ ಫೋನು. ವಿಡಿಯೊ ಬೇಕಿದ್ದರೆ ಮೂರನೇ ಮನೆಯಲ್ಲಿ.

ಕಾರವಾರದಲ್ಲಿ ಕಾಳಿ ನದಿಯ ದಂಡೆಗೆ ಹತ್ತಿರದ ಪ್ರೌಢಶಾಲೆಗೆ, 9ನೇ ತರಗತಿಯ ‘ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣ’ ಘಟಕಕ್ಕೆ ನಾವು ಆರಿಸಿಕೊಂಡ ಪ್ರಶ್ನೆ ಒಂದೇ ಸಾಲಿನದು. ಇವತ್ತು ಭರತ (ಕಡಲಿನ ಉಬ್ಬರ) 10:25ಕ್ಕೆ ಬಂದರೆ ಮುಂದಿನ ವಾರ ಇದೇ ದಿನ ಎಷ್ಟು ಹೊತ್ತಿಗೆ ಬರುತ್ತದೆ?

ಪ್ರಶ್ನೆ ಬರೆಯುವ ಮೊದಲು ಒಂದು ಕೆಲಸವಿದೆ. ಪಠ್ಯದಲ್ಲಿರುವುದು ‘ಉಬ್ಬರವಿಳಿತ’. ಕುಮಟಾ–ಹೊನ್ನಾವರ ಕಡೆಯ ಮಕ್ಕಳಿಗೆ ಅದು ಭರತ–ಇಳಿತ, ಕೊಂಕಣಿ ಮಾತಾಡುವ ಮನೆಯವರಿಗೆ ಭರ್ತಿ–ಸುಕ್ತಿ. ಮೂರನ್ನೂ ಹಲಗೆಯ ಮೇಲೆ ಒಟ್ಟಿಗೆ ಬರೆಯಬೇಕು. ಬರೆಯದಿದ್ದರೆ ಮನೆಯಲ್ಲಿ ದಿನಾ ಈ ವಿಷಯ ಕೇಳುವ ಮಗುವೂ ಪುಸ್ತಕದ ಶಬ್ದ ನೋಡಿ ‘ಇದು ನನಗೆ ಗೊತ್ತಿಲ್ಲದ್ದು’ ಎಂದುಕೊಂಡು ಸುಮ್ಮನಿರುತ್ತದೆ.

ಊಹೆಗೆ ಐದು ನಿಮಿಷ. ಅಂಗೈ ಅಗಲದ ಚೀಟಿ, ಅದರಲ್ಲಿ ಹೆಸರು, ಸಮಯ, ಒಂದು ವಾಕ್ಯದ ಕಾರಣ. ‘ಅದೇ ಹೊತ್ತಿಗೆ’ ಎಂಬ ಉತ್ತರ ಬರುತ್ತದೆ, ‘ದಿನಕ್ಕೆ ಒಂದು ತಾಸು ಮುಂದೆ’ ಎಂಬುದೂ ಬರುತ್ತದೆ. ಮೀನುಗಾರರ ಮನೆಯ ಮಕ್ಕಳು ‘ಅಕ್ಕೋರೇ, ತಿಥಿ ಯಾವುದು ಅಂತ ಗೊತ್ತಾಗದೇ ಹೇಳೂದು ಹೇಗೆ?’ ಎಂದು ತಿರುಗಿ ಕೇಳುತ್ತಾರೆ. ಈ ಮೂರನೆಯದು ಇಡೀ ಘಟಕದ ಬೇರು, ಅದನ್ನು ಹಲಗೆಯ ಮೂಲೆಯಲ್ಲಿ ಹಾಗೇ ಉಳಿಸಬೇಕು. ಯಾವ ಚೀಟಿಗೂ ಸರಿ–ತಪ್ಪು ಹೇಳಬಾರದು. ಪ್ರಶ್ನೆ ಕೇಳಿದ ಮೇಲೆ ಸುಮ್ಮನೆ ಕಾಯುವುದೂ ಇದರ ಭಾಗವೇ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ, ಶಿಕ್ಷಕರು ಪ್ರಶ್ನೆಯ ನಂತರ ಹೆಚ್ಚೆಂದರೆ ಒಂದು ಸೆಕೆಂಡು ಕಾಯುತ್ತಾರೆ, ಅದನ್ನು ಮೂರಕ್ಕೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ ಎಂದು ತೋರಿಸಿದ್ದರು. ಮನಸ್ಸಿನಲ್ಲೇ ಮೂರು ಎಣಿಸಿ ನೋಡಿ. ಹೊಸಬರಿಗೆ ಆ ಮೂರು ಸೆಕೆಂಡು ಬಹಳ ಉದ್ದ.

ಇನ್ನು ಅಳತೆ. ಎರಡು ಇಂಚಿನ ಪಿವಿಸಿ ಪೈಪು 6 ಮೀಟರಿನ ತುಂಡಾಗಿ ಸಿಗುತ್ತದೆ, ಅದರಲ್ಲಿ ಅರ್ಧ ಸಾಕು. ಈ ಕರಾವಳಿಯಲ್ಲಿ ಭರತ–ಇಳಿತದ ನಡುವಿನ ಎತ್ತರ ಎರಡು ಮೀಟರನ್ನು ಹೆಚ್ಚು ದಾಟುವುದಿಲ್ಲವಾದ್ದರಿಂದ 3 ಮೀಟರಿನಲ್ಲಿ ಮೇಲೆ ಕೆಳಗೆ ಎರಡೂ ಕಡೆ ಜಾಗ ಉಳಿಯುತ್ತದೆ. ಪೈಪಿನ ಕೆಳತುದಿಗೆ ಮುಚ್ಚಳ ಹಾಕಿ, ಅದರ ನಡುವೆ 5 ಮಿಲಿಮೀಟರಿನ ಒಂದೇ ಒಂದು ತೂತು ಕೊರೆಯಬೇಕು. ತೂತಿನ ಅಗಲ ಪೈಪಿನ ಅಗಲದ ಹತ್ತನೇ ಒಂದು ಭಾಗ ಎಂಬುದು ಇದಕ್ಕೆ ಇರುವ ಲೆಕ್ಕ. ತೂತು ಸಣ್ಣದಿರುವ ಕಾರಣ ಅಲೆಯ ಏರಿಳಿತ ಒಳಗೆ ಬರುವುದಿಲ್ಲ, ಗಂಟೆಗಟ್ಟಲೆ ನಡೆಯುವ ಭರತದ ಏರಿಕೆ ಮಾತ್ರ ಬರುತ್ತದೆ. ಒಳಗೆ ಥರ್ಮೋಕೋಲಿನ ಬೆಂಡು, ಬೆಂಡಿಗೆ ಚುಚ್ಚಿದ ನೆಟ್ಟಗಿನ ತೆಳ್ಳಗಿನ ಬಿದಿರು ಕಡ್ಡಿ. ಕಡ್ಡಿ ಪೈಪಿನ ಬಾಯಿಂದ ಮೇಲೆ ಇಣುಕಬೇಕು. ಕಡ್ಡಿಗೆ 10 ಸೆಂಟಿಮೀಟರಿಗೊಂದು ಕೆಂಪು–ಬಿಳಿ ಪಟ್ಟಿ, ನಡುವೆ ಸೆಂಟಿಮೀಟರಿನ ಗೆರೆ. ಬಣ್ಣ ಎಣ್ಣೆಯದೇ ಆಗಬೇಕು.

ಈ ಪೈಪಿನ ಕೋಲನ್ನು ಕಡಲ ಎದುರಿಗೆ ನಿಲ್ಲಿಸುವುದಲ್ಲ, ನದಿಯ ಬದಿಯಲ್ಲಿ, ಅಲೆ ಹೊಡೆಯದ ಜೆಟ್ಟಿಯ ಕಂಬಕ್ಕೆ ಮೂರು ಕಡೆ ಕಟ್ಟಿ ನಿಲ್ಲಿಸುವುದು. ಅದರ ಬುಡ ಇಳಿತದ ನೀರಿಗಿಂತಲೂ ಕೆಳಗಿರಬೇಕು. ಈ ಕೆಲಸ ದೊಡ್ಡವರದ್ದು. ಮಕ್ಕಳು ಮೇಲಿನಿಂದ ಓದುತ್ತಾರೆ, ಪಾಚಿ ಹಿಡಿದ ಮೆಟ್ಟಿಲಿಗೆ ಇಳಿಯುವುದಿಲ್ಲ. ಮಳೆಗಾಲದಲ್ಲಿ ಇದನ್ನು ಮಾಡಲೇಬಾರದು. ಅಪಾಯ ಒಂದು ಕಾರಣ. ಇನ್ನೊಂದು, ಘಟ್ಟದ ನೀರು ಇಳಿದು ಬಂದು ನದಿಯ ಮಟ್ಟವನ್ನೇ ಏರಿಸಿ ಅಳತೆಯನ್ನು ಕೆಡಿಸುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗಿನ ತಿಂಗಳುಗಳು ಒಳ್ಳೆಯವು.

ಕೆಡುವುದು ಹೆಚ್ಚಾಗಿ ತೂತಿನಲ್ಲಿ. ವಾರದೊಳಗೆ ಹೂಳು ಕಟ್ಟುತ್ತದೆ, ಆಮೇಲೆ ಚಿಪ್ಪಿನ ಹುಳು ಹಿಡಿಯುತ್ತದೆ. ಆಗ ಹೊರಗೆ ನೀರು ಇಳಿದರೂ ಪೈಪಿನೊಳಗೆ ಇಳಿಯುವುದಿಲ್ಲ, ಭರತ ತಡವಾದಂತೆ ಕಾಣುತ್ತದೆ. ಎರಡು ದಿನಕ್ಕೊಮ್ಮೆ ಒಂದು ಚೊಂಬು ನೀರನ್ನು ಪೈಪಿನ ಬಾಯಿಗೆ ಹೊಯ್ದು, ಕಡ್ಡಿ ಎಷ್ಟು ಬೇಗ ಮೊದಲಿನ ಗೆರೆಗೆ ಇಳಿಯುತ್ತದೆ ನೋಡಬೇಕು. ಮೊದಲ ದಿನದ ಸೆಕೆಂಡುಗಳನ್ನು ಬರೆದಿಟ್ಟುಕೊಂಡಿದ್ದರೆ ಹೋಲಿಕೆ ಸುಲಭ.

ಇಲ್ಲಿಂದ ಮುಂದೆ ನಿಜವಾದ ಸಮಸ್ಯೆ. ಭರತದ ಹೊತ್ತು ಎಂದರೆ ನೀರು ಅತಿ ಎತ್ತರಕ್ಕೆ ಬಂದ ನಿಮಿಷ. ಆ ನಿಮಿಷ ಯಾವುದು? ಕಡ್ಡಿಯನ್ನೇ ನೋಡುತ್ತ ಕೂತರೆ ಇಬ್ಬರು ಮಕ್ಕಳ ಉತ್ತರದ ನಡುವೆ ಅರ್ಧ ತಾಸಿನ ಅಂತರ ಬೀಳುತ್ತದೆ. ಕಾರಣ ಅವರ ಅಜಾಗರೂಕತೆ ಅಲ್ಲ. ತುದಿಯ ಹತ್ತಿರ ನೀರು ಹೆಚ್ಚುಕಡಿಮೆ ನಿಂತೇಬಿಡುತ್ತದೆ. ಏರಿಳಿತ 1.6 ಮೀಟರ್ ಇರುವ ದಿನ, ತುದಿಯಿಂದ ಆಚೆ ಈಚೆ 20 ನಿಮಿಷದೊಳಗೆ ನೀರು ಕದಲುವುದು ಬರೇ ಒಂದು ಸೆಂಟಿಮೀಟರಿನಷ್ಟು. ಈ ಲೆಕ್ಕವನ್ನು ಶಿಕ್ಷಕರು ತಿಳಿದಿರಬೇಕು, ಆದರೆ ಹೇಳಬಾರದು. ‘ನಿಮ್ಮಿಬ್ಬರಲ್ಲಿ ಯಾರದ್ದು ಸರಿ, ಹೇಗೆ ತೀರ್ಮಾನಿಸೋಣ?’ ಎಂದು ಕೇಳಿ ಬಿಡಬೇಕು. ಗುಂಪುಗಳು ಸ್ವಲ್ಪ ಹೊತ್ತು ಒದ್ದಾಡುತ್ತವೆ. ಆಮೇಲೆ ಯಾವುದಾದರೂ ಗುಂಪಿನಿಂದ ಈ ದಾರಿ ಬರುತ್ತದೆ: ತುದಿಯನ್ನು ಬಿಡು, ಅದಕ್ಕಿಂತ ಸುಮಾರು 20 ಸೆಂಟಿಮೀಟರ್ ಕೆಳಗಿನ ಗೆರೆ ಹಿಡಿ. ಏರುವಾಗ ನೀರು ಆ ಗೆರೆ ದಾಟಿದ್ದು 8:55ಕ್ಕೆ, ಇಳಿಯುವಾಗ ದಾಟಿದ್ದು 11:55ಕ್ಕೆ. ನಡುವಿನದು 10:25. ಅಲ್ಲಿ ನೀರು ಬೇಗ ಬೇಗ ಸರಿಯುವುದರಿಂದ ಗೆರೆ ದಾಟಿದ ಹೊತ್ತು ಖಚಿತವಾಗಿ ಸಿಗುತ್ತದೆ. ಬಾರದಿದ್ದರೆ, ಮೇಲಕ್ಕೆಸೆದ ಚೆಂಡು ಮಹಡಿಯ ಕಿಟಕಿಯೆದುರು ಹೋಗುವಾಗೊಮ್ಮೆ, ಬರುವಾಗೊಮ್ಮೆ ಕಾಣುವ ಚಿತ್ರ ಬರೆದು ಸುಳಿವು ಕೊಡಬಹುದು. ಅದಕ್ಕಿಂತ ಹೆಚ್ಚು ಬೇಡ.

ಫೋನು ಬೇಕಾಗುವುದು ಇಲ್ಲಿ. 8:55ಕ್ಕೆ ಶಾಲೆ ಶುರುವಾಗಿರುವುದಿಲ್ಲ, 11:55ಕ್ಕೆ ಇನ್ಯಾವುದೋ ಪಾಠ ನಡೆಯುತ್ತಿರುತ್ತದೆ. ಹಾಗಾಗಿ ಸಿಮ್ ತೆಗೆದ ಹಳೆಯ ಫೋನೊಂದನ್ನು ಕಡ್ಡಿಯ ಎದುರಿಗೆ ಕಟ್ಟಿ, 5 ನಿಮಿಷಕ್ಕೊಂದು ಚಿತ್ರ ತೆಗೆಯಲು ಬಿಡುವುದು. ‘ಓಪನ್ ಕ್ಯಾಮೆರಾ’ ಆ್ಯಪಿನಲ್ಲಿ ಇಷ್ಟು ಹೊತ್ತಿಗೊಮ್ಮೆ ಎಂದು ಹೇಳಿಡುವ ಅನುಕೂಲವಿದೆ, ಚಿತ್ರದ ಮೇಲೆಯೇ ದಿನಾಂಕ–ಸಮಯವನ್ನೂ ಅಚ್ಚು ಹಾಕುತ್ತದೆ. ಮೂರೂವರೆ ತಾಸಿಗೆ 43 ಚಿತ್ರ. ಪವರ್ ಬ್ಯಾಂಕ್ ಜೊತೆಗಿರಲಿ. ಮೂರು ಎಚ್ಚರಿಕೆಗಳು: ಉಪ್ಪುಗಾಳಿಗೆ ಲೆನ್ಸ್ ಮಸುಕಾಗುತ್ತದೆ, ದಿನಾ ಒರೆಸಬೇಕು. ನೇರ ಬಿಸಿಲಿಗೆ ಫೋನು ಕಾದು ತಾನೇ ಆರಿಹೋಗುತ್ತದೆ, ಅದಕ್ಕೊಂದು ರಟ್ಟಿನ ಚಪ್ಪರ ಬೇಕು. ಸಿಮ್ ಇಲ್ಲದ ಫೋನಿನ ಗಡಿಯಾರ ನಿಧಾನಕ್ಕೆ ತಪ್ಪುತ್ತ ಹೋಗುತ್ತದೆ, ದಿನಾ ಬೆಳಿಗ್ಗೆ ಇನ್ನೊಂದು ಫೋನಿಗೆ ಹೊಂದಿಸಬೇಕು. ಮಕ್ಕಳು ಶಾಲೆಗೆ ಫೋನು ತರುವಂತಿಲ್ಲವಾದ್ದರಿಂದ ಶಿಕ್ಷಕರ ಫೋನುಗಳೇ ಆಗಬೇಕು, ಮುಖ್ಯ ಶಿಕ್ಷಕರ ಒಪ್ಪಿಗೆ ಬರಹದಲ್ಲಿರಲಿ. ಐದು ಮಕ್ಕಳಿಗೊಂದು ಫೋನು ಸಾಕು. ಅದಕ್ಕಿಂತ ಹೆಚ್ಚಿದ್ದರೆ ಮಾತು ಕಡಿಮೆಯಾಗುತ್ತದೆ, ಪ್ರತಿಯೊಬ್ಬರೂ ತಂತಮ್ಮ ಪರದೆಗೆ ತಲೆ ಬಗ್ಗಿಸುತ್ತಾರೆ.

ಅಂಕಿಗಳು ಕಂಪ್ಯೂಟರಿಗೆ ಹೋಗುವಾಗ ಆಗುವ ತಪ್ಪು ಹೆಚ್ಚುಕಡಿಮೆ ಪ್ರತಿ ಗುಂಪಿನಲ್ಲೂ ಒಂದೇ: 10:25 ಅನ್ನು 10.25 ಎಂದು ಬರೆಯುವುದು. 10.25 ಎಂದರೆ ಹತ್ತೂಕಾಲು ತಾಸು, ಅಂದರೆ 10:15. ನಕ್ಷೆಯಲ್ಲಿ ಚುಕ್ಕಿಗಳು ಗೆರೆಯಿಂದ ಆಚೀಚೆ ಜಿಗಿಯುತ್ತವೆ, 10.59 ಆದ ಮೇಲೆ 11.00 ಬರುವಲ್ಲಿ ದೊಡ್ಡ ಅಂತರ ಕಾಣುತ್ತದೆ. ಶಿಕ್ಷಕರೇ ಮೊದಲೇ ಎಚ್ಚರಿಸುವುದಕ್ಕಿಂತ ಆ ಜಿಗಿತವನ್ನು ಮಕ್ಕಳೇ ಕಂಡುಹಿಡಿಯಲಿ ಎಂಬುದು ನಮ್ಮ ಅಭಿಪ್ರಾಯ, ಒಂದು ಅವಧಿ ಅದಕ್ಕೆ ಹೋದರೂ ಸರಿ. ಪರಿಹಾರ, ಎಲ್ಲವನ್ನೂ ನಡುರಾತ್ರಿಯಿಂದ ನಿಮಿಷಗಳಲ್ಲಿ ಬರೆಯುವುದು: 10×60+25=625. ಲೆಕ್ಕದ ಹಾಳೆಯ ತಂತ್ರಾಂಶ ಲಿಬ್ರೆ ಆಫೀಸ್ ಕ್ಯಾಲ್ಕ್ ಸಮಯವನ್ನು ದಿನದ ಭಾಗವಾಗಿ ಇಟ್ಟುಕೊಳ್ಳುವುದರಿಂದ, ಸಮಯವಿರುವ ಮನೆಯನ್ನು 1440ರಿಂದ ಗುಣಿಸಿ, ಉತ್ತರದ ಮನೆಯನ್ನು ‘ಸಂಖ್ಯೆ’ ರೂಪಕ್ಕೆ ಬದಲಿಸಿದರೆ ನಿಮಿಷ ಸಿಗುತ್ತದೆ. ಕೊನೆಯ ಹೆಜ್ಜೆ ಮರೆತರೆ ಮತ್ತೆ ಗಡಿಯಾರದ ರೂಪದ ವಿಚಿತ್ರ ಅಂಕಿ ಬರುತ್ತದೆ. ಶೀರ್ಷಿಕೆಗಳನ್ನು ಕನ್ನಡದಲ್ಲಿ ಬರೆಯುವಾಗ ನುಡಿ ತಂತ್ರಾಂಶವನ್ನು ಯುನಿಕೋಡ್‌ಗೆ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ನಕ್ಷೆ ಬರೆಯುವ ತಂತ್ರಾಂಶ ಜಿಯೋಜೀಬ್ರಾದಲ್ಲಿ ಅದು ಅರ್ಥವಿಲ್ಲದ ಅಕ್ಷರಗಳಾಗಿ ಬೀಳುತ್ತದೆ. ಜಿಯೋಜೀಬ್ರಾವನ್ನು ಮನೆಯಲ್ಲೇ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಒಯ್ಯುವುದು ಕ್ಷೇಮ, ತರಗತಿಯಲ್ಲಿ ನೆಟ್‌ವರ್ಕ್ ನಂಬಿ ಕೂರುವಂತಿಲ್ಲ.

ಅಡ್ಡ ಅಕ್ಷದಲ್ಲಿ ದಿನ, ಲಂಬ ಅಕ್ಷದಲ್ಲಿ ನಿಮಿಷ. ಚುಕ್ಕಿಗಳ ನಡುವೆ ಒಂದು ನೇರ ಗೆರೆಯನ್ನು ಮಕ್ಕಳು ಕೈಯಿಂದ ಎಳೆದು ಹೊಂದಿಸುತ್ತಾರೆ. ತಂತ್ರಾಂಶಕ್ಕೇ ಗೆರೆ ಹಾಕಲು ಹೇಳುವುದು ಅದಾದ ಮೇಲೆ. ಇಳಿಜಾರು 50ರ ಆಸುಪಾಸು ಬರುತ್ತದೆ: y = 50x + 625. ಏಳು ದಿನಕ್ಕೆ 350 ನಿಮಿಷ ಸೇರಿ 975, ಅಂದರೆ ಸಂಜೆ 4:15. ಚೀಟಿಗಳನ್ನು ಈಗ ತೆಗೆಯಬಹುದು.

ಇಷ್ಟಕ್ಕೆ ನಿಲ್ಲಿಸಿದರೆ ಘಟಕ ಪೂರ್ಣ, ಪಾಠ ಅರ್ಧ. ಹಲಗೆಯ ಮೂಲೆಯಲ್ಲಿ ತಿಥಿ ಕಾದಿದೆ. ಭರತ ಮುಖ್ಯವಾಗಿ ಚಂದ್ರನ ಸೆಳೆತದಿಂದ ಬರುವುದು, ಒಂದು ತಿಥಿಯಲ್ಲಿ ಚಂದ್ರ ಸೂರ್ಯನಿಂದ 12 ಡಿಗ್ರಿ ದೂರ ಸರಿಯುತ್ತಾನೆ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ, ಹಾಗಾಗಿ ತಿಥಿಗೆ 48 ನಿಮಿಷ. ಹುಣ್ಣಿಮೆಯಿಂದ ಅಮಾವಾಸ್ಯೆಗೆ 15 ತಿಥಿ, 15×48=720 ನಿಮಿಷ, ಸರಿಯಾಗಿ 12 ತಾಸು. ಅದಕ್ಕೇ ಹುಣ್ಣಿಮೆಗೂ ಅಮಾವಾಸ್ಯೆಗೂ ಭರತ ಹೆಚ್ಚುಕಡಿಮೆ ಗಡಿಯಾರದ ಒಂದೇ ಹೊತ್ತಿಗೆ ಬರುತ್ತದೆ. ಹಾಗಾದರೆ ಕೋಲು 50 ಹೇಳುತ್ತಿರುವುದೇಕೆ? ತಿಥಿಯೊಂದು ಸರಾಸರಿ 23 ತಾಸು 37 ನಿಮಿಷ. ಇವತ್ತಿನ ಭರತದಿಂದ ನಾಳೆಯ ಅದೇ ಭರತಕ್ಕೆ 24 ತಾಸು 50 ನಿಮಿಷ, ಅಂದರೆ ಒಂದು ತಿಥಿಗಿಂತ ಸ್ವಲ್ಪ ಜಾಸ್ತಿ. ಆ ಜಾಸ್ತಿಯೇ 48ನ್ನು 50 ಮಾಡುತ್ತದೆ. ಮೀನುಗಾರರ ಮನೆಯ ಅಜ್ಜ ಹೇಳುವ ತಿಥಿಯ ಲೆಕ್ಕವೂ ಸರಿ, ಜೆಟ್ಟಿಯ ಕೋಲೂ ಸರಿ. ಎರಡೂ ಬೇರೆ ಬೇರೆ ‘ದಿನ’ಗಳನ್ನು ಎಣಿಸುತ್ತಿವೆ. ಈ ಮಾತು ಮಕ್ಕಳ ಬಾಯಿಂದ ಬರಲು ಎರಡು ಅವಧಿ ಬೇಕಾಗಬಹುದು, ಕೊಡಬೇಕು.

ಚುಕ್ಕಿಗಳು ಗೆರೆಯ ಮೇಲೆಯೇ ಕೂರುವುದಿಲ್ಲ, ಅದನ್ನೂ ಮುಚ್ಚಿಡಬಾರದು. ಹುಣ್ಣಿಮೆ–ಅಮಾವಾಸ್ಯೆಯ ಆಸುಪಾಸಿನಲ್ಲಿ ದಿನದ ತಡ 40 ನಿಮಿಷಕ್ಕೂ ಇಳಿಯುತ್ತದೆ, ಅಷ್ಟಮಿಯ ಹತ್ತಿರ ತಾಸನ್ನೇ ದಾಟುತ್ತದೆ. ಸೂರ್ಯನ ಸೆಳೆತ ಚಂದ್ರನದ್ದಕ್ಕೆ ಕೂಡುವುದು, ಅಡ್ಡಬರುವುದು ಇದಕ್ಕೆ ಕಾರಣ. 50 ಎಂಬುದು ಸರಾಸರಿ, ಪ್ರತಿದಿನದ ನಿಯಮವಲ್ಲ. ಇನ್ನೊಂದು ಅಂಕುಡೊಂಕು ಮಕ್ಕಳ ಕೈಯಿಂದಲೇ ಆಗುತ್ತದೆ. ದಿನಕ್ಕೆ ಎರಡು ಭರತ, ಎರಡರ ನಡುವೆ 12 ತಾಸು 25 ನಿಮಿಷ, ಎತ್ತರವೂ ಒಂದೇ ಅಲ್ಲ. ವಾರ ಕಳೆಯುವಾಗ ನೋಡುತ್ತಿದ್ದ ಭರತ ಸಂಜೆಗೆ, ಆಮೇಲೆ ಕತ್ತಲೆಗೆ ಜಾರಿಹೋಗುತ್ತದೆ, ಬೆಳಿಗ್ಗೆ ಇನ್ನೊಂದು ಭರತ ಕಾಣತೊಡಗುತ್ತದೆ. ಅದನ್ನು ಹಾಗೇ ಬರೆದರೆ ಗೆರೆ ಒಮ್ಮೆಲೇ ಕೆಳಗೆ ಬೀಳುತ್ತದೆ. 745 ನಿಮಿಷ ಕೂಡಿಸಿ ಹಳೆಯ ಭರತಕ್ಕೆ ಜೋಡಿಸಬೇಕೆಂದು ಹೊಳೆಯುವುದು ಈ ಘಟಕದ ಅತಿ ಒಳ್ಳೆಯ ಗಳಿಗೆ. ಎರಡು ವರ್ಷದ ಬಿ.ಎಡ್.ನಲ್ಲಿ ಎರಡನೇ ವರ್ಷ 16 ವಾರ ಒಂದೇ ಶಾಲೆಯಲ್ಲಿರಲು ಅವಕಾಶವಿರುವುದರಿಂದಲೇ ಹದಿನೈದು ದಿನದ ಇಂಥ ಕೆಲಸ ಸಾಧ್ಯ. ಬಿಡಿ ಪಾಠಗಳ ಅಭ್ಯಾಸದಲ್ಲಿ ಇದಕ್ಕೆ ಜಾಗವಿಲ್ಲ.

ಸರ್ವೆ ಆಫ್ ಇಂಡಿಯಾದ ಭರತದ ಪಟ್ಟಿ ತೋರಿಸುವುದು ಎಲ್ಲದರ ಕೊನೆಗೆ. ಎತ್ತರದ ಅಂಕಿ ಕೋಲಿಗೆ ಹೊಂದುವುದಿಲ್ಲ, ಏಕೆಂದರೆ ಕೋಲಿನ ಸೊನ್ನೆ ನಾವು ಇಟ್ಟದ್ದು. ಹೊತ್ತು ಹತ್ತಿರ ಬರುತ್ತದೆ, ಆದರೆ ನದಿಯೊಳಗಿನ ಕೋಲು ಸ್ವಲ್ಪ ತಡವಾಗಿಯೇ ಇರುತ್ತದೆ.

ಘಟ್ಟದ ಮೇಲೆ, ಶಿರಸಿಯ ಶಾಲೆಗೆ ಭರತ ಒಯ್ದು ಪ್ರಯೋಜನವಿಲ್ಲ. ಅಲ್ಲಿಯ ಪ್ರಶ್ನೆ ತೋಟದಲ್ಲಿದೆ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಒಂದೊಂದನ್ನು 50 ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುವುದು. ಕೆಲವು ಮನೆಗಳಲ್ಲಿ ಒಂದು ಕಿಲೋ ಸುಣ್ಣ ಸಾಲುವುದಿಲ್ಲ. ಯಾಕೆ? ತರಗತಿಗೆ ಒಂದು ಲೀಟರ್ ಸಾಕು, 10 ಗ್ರಾಂ ಮತ್ತು 10 ಗ್ರಾಂ, ಪ್ಲಾಸ್ಟಿಕ್ ಬಕೆಟಿನಲ್ಲಿ. ಮೈಲುತುತ್ತ ವಿಷ, ಕಲಸುವುದು ಕೈಗವಸು ಹಾಕಿದ ಶಿಕ್ಷಕರ ಕೆಲಸ. ಚೆನ್ನಾಗಿ ಉಜ್ಜಿದ ಕಬ್ಬಿಣದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪು ತಾಮ್ರ ಕೂತಿದ್ದರೆ ಇನ್ನೂ ಹುಳಿಯಿದೆ, ಸುಣ್ಣ ಬೇಕು. ಗಾಳಿಗೆ ಬಿಟ್ಟ ಹಳೆಯ ಸುಣ್ಣ, ಚೀಲ ಒಡೆದ ಹೊಸ ಸುಣ್ಣ ಎರಡನ್ನೂ ತಂದು ಹೋಲಿಸಿದರೆ ಕಾರಣ ಸಿಗುತ್ತದೆ: ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಹಳೆಯದು ಶಕ್ತಿ ಕಳೆದುಕೊಂಡಿರುತ್ತದೆ.

ಬಣ್ಣದಿಂದ ನೋಡಲು ಅರಿಶಿನದ ಕಾಗದ ಒಳ್ಳೆಯದು, ಸುಣ್ಣ ಹೆಚ್ಚಾದರೆ ಕೆಂಪಗಾಗುತ್ತದೆ. ಮಕ್ಕಳು ಮುರುಗಲು (ಪುನರ್ಪುಳಿ) ಸಿಪ್ಪೆಯ ರಸ ತರುತ್ತಾರೆ. ಅದರ ಕೆಂಪು ಬಣ್ಣವೂ ಸೂಚಕವೇ. ಆದರೆ ರಸವೇ ಬಹಳ ಹುಳಿಯಾದ್ದರಿಂದ, ಹಾಕಿದ ಅಷ್ಟಿಷ್ಟು ಸುಣ್ಣದ ನೀರನ್ನು ಅದೇ ನುಂಗಿಬಿಡುತ್ತದೆ, ಬಣ್ಣ ಬದಲಾಗುವುದಿಲ್ಲ. ಬಹಳ ತೆಳು ಮಾಡಿ, ಹನಿ ಲೆಕ್ಕದಲ್ಲಿ ಬಳಸಬೇಕು. ಇಲ್ಲಿ ಫೋನಿನ ಕ್ಯಾಮೆರಾ ಬಣ್ಣ ಹೋಲಿಸಲು ಬರುತ್ತದೆ, ಒಂದು ಷರತ್ತಿನ ಮೇಲೆ: ಹೋಲಿಸುವ ಪಟ್ಟಿಗಳೆಲ್ಲ ಒಂದೇ ಚಿತ್ರದಲ್ಲಿರಬೇಕು. ಬೇರೆ ಬೇರೆ ತೆಗೆದರೆ ಕ್ಯಾಮೆರಾ ಪ್ರತಿಸಲ ಬೆಳಕಿಗೆ ತಕ್ಕಂತೆ ಬಣ್ಣ ತಿದ್ದಿಬಿಡುತ್ತದೆ.

ಒಂದೇ ಅವಧಿಯಲ್ಲಿ ಮುಗಿಯಬೇಕಾದರೆ ಶಬ್ದದ ವೇಗ. ಫೈಫಾಕ್ಸ್ ಆ್ಯಪಿನ ಶಬ್ದದ ಸ್ಟಾಪ್‌ವಾಚ್ ತೆರೆದ ಎರಡು ಫೋನು, 5 ಮೀಟರ್ ದೂರ, ಪ್ರತಿ ಫೋನಿನ ಪಕ್ಕದಲ್ಲೇ ಒಬ್ಬರು. ಮೊದಲನೆಯವರ ಚಪ್ಪಾಳೆಗೆ ಎರಡೂ ಶುರು, ಎರಡನೆಯವರ ಚಪ್ಪಾಳೆಗೆ ಎರಡೂ ನಿಲುಗಡೆ. ಎರಡು ಫೋನುಗಳ ಹೊತ್ತಿನ ವ್ಯತ್ಯಾಸದಲ್ಲಿ ಶಬ್ದ 10 ಮೀಟರ್ ಓಡಿರುತ್ತದೆ. ನಮ್ಮ ಸೆಕೆಗೆ ಅದು 0.029 ಸೆಕೆಂಡಿನ ಹತ್ತಿರ. ಫ್ಯಾನ್ ಆರಿಸಬೇಕು, ಹಂಚಿನ ಮೇಲೆ ಮಳೆ ಬೀಳುವಾಗ ಮಾಡಬಾರದು, ಹತ್ತು ಸಲ ಅಳೆದು ಸರಾಸರಿ ತೆಗೆಯಬೇಕು.

ಮೌಲ್ಯಮಾಪನದ ಮನೆಯಲ್ಲಿ ನಾವು ಲಿಖಿತ ಪರೀಕ್ಷೆ ಬರೆಯಲಿಲ್ಲ. ಗಣಿತಜ್ಞ ಜಾರ್ಜ್ ಪೋಲ್ಯಾ 1945ರಲ್ಲಿ ಸಮಸ್ಯೆ ಬಿಡಿಸುವ ನಾಲ್ಕು ಹಂತ ಹೇಳಿದ್ದರು: ಅರ್ಥ ಮಾಡಿಕೊಳ್ಳುವುದು, ಯೋಜಿಸುವುದು, ಮಾಡುವುದು, ಹಿಂದಿರುಗಿ ನೋಡುವುದು. 40 ನಿಮಿಷದ ಅವಧಿಯಲ್ಲಿ ಗಂಟೆ ಹೊಡೆದು ತಪ್ಪಿಹೋಗುವುದು ಯಾವಾಗಲೂ ನಾಲ್ಕನೆಯದು. ಅದಕ್ಕಾಗಿ ಒಂದು ಇಡೀ ಅವಧಿ ಮೀಸಲು. ಪ್ರತಿ ಗುಂಪೂ ಹತ್ತು ದಿನದಾಚೆಯ ಒಂದು ಭರತದ ಹೊತ್ತನ್ನು ಲೆಕ್ಕ ಹಾಕಿ, ‘ಎಷ್ಟು ನಿಮಿಷ ತಪ್ಪಬಹುದು’ ಎಂಬುದನ್ನೂ ಸೇರಿಸಿ ಲಕೋಟೆಯಲ್ಲಿ ಅಂಟಿಸಿ ಕೊಡುತ್ತದೆ. ಆ ದಿನ ಜೆಟ್ಟಿಯ ಮೇಲೆ, ಕೋಲಿನ ಎದುರಿಗೆ ಲಕೋಟೆ ಒಡೆಯುವುದು. ಅಂಕ ಹೊತ್ತಿಗಲ್ಲ, ತಾವೇ ಹೇಳಿದ ತಪ್ಪಿನ ಮಿತಿಯೊಳಗೆ ಭರತ ಬಂತೇ ಎಂಬುದಕ್ಕೆ, ಮತ್ತು ಬಾರದಿದ್ದರೆ ಯಾಕೆಂದು ಬರೆದ ನಾಲ್ಕು ಸಾಲಿಗೆ.

ನದಿಯ ಒಳಗೆ ಹೋದಷ್ಟೂ ಭರತ ಎಷ್ಟು ತಡ ಎಂಬ ಪ್ರಶ್ನೆ ಆ ನಾಲ್ಕು ಸಾಲುಗಳಿಂದಲೇ ಎದ್ದದ್ದು. ಅದಕ್ಕೆ ಸದಾಶಿವಗಡದ ಸೇತುವೆಯಿಂದ ಮೇಲಕ್ಕೆ ಇನ್ನೊಂದು ಕೋಲು ಬೇಕು. ಕತ್ತರಿಸಿದ ಪೈಪಿನ ಉಳಿದ 3 ಮೀಟರ್ ಶಾಲೆಯ ಜಗಲಿಯ ಮಾಡಿನಡಿ ಕಟ್ಟಿಟ್ಟಿದೆ, ಮುಚ್ಚಳಕ್ಕೆ ತೂತು ಕೊರೆದಾಗಿದೆ.